ನಿಮ್ಮ ಮಷೀನಿನ ಪ್ಯಾನೆಲ್ ಒಳಗೆ ಸಿಮ್ ಕಾರ್ಡ್ ಇದೆಯಾ? ಇವತ್ತೇ ಬಾಗಿಲು ತೆಗೆದು ನೋಡಿ

ಪೀಣ್ಯದ ಒಂದು ಸಣ್ಣ ಪೌಡರ್ ಕೋಟಿಂಗ್ (ಲೋಹದ ಪೀಸಿಗೆ ಬಣ್ಣದ ಪುಡಿ ಹಾಕಿ ಓವನ್‌ನಲ್ಲಿ ಕಾಯಿಸುವ) ಫ್ಯಾಕ್ಟರಿಯಲ್ಲಿ ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಪಿಎಲ್‌ಸಿ (ಮಷೀನನ್ನು ನಡೆಸುವ ಪುಟ್ಟ ಕಂಪ್ಯೂಟರ್), ಎಚ್‌ಎಂಐ (ಆಪರೇಟರ್ ನೋಡುವ ಪರದೆ) ಇರುವ ಮಷೀನು ನಿಮ್ಮಲ್ಲಿದ್ದರೆ ದಯವಿಟ್ಟು ಪೂರ್ತಿ ಓದಿ.

ಸೆಕೆಂಡ್ ಶಿಫ್ಟ್, ರಾತ್ರಿ ಒಂಬತ್ತರ ಹೊತ್ತು. ಆಪರೇಟರ್ ಫೋನ್ ಮಾಡಿದ. "ಸಾರ್, ಬಿಳಿ ಪೀಸೆಲ್ಲಾ ಹಳದಿ ತಿರುಗ್ತಿದೆ. ಟೆಂಪರೇಚರ್ ನೋಡಿದ್ರೆ ಸರಿಯಾಗೇ ಇದೆ." ಓವನ್ ಸೆಟ್ಟಿಂಗ್ 185 ಡಿಗ್ರಿ, ಪರದೆಯಲ್ಲೂ 185. ಪೌಡರ್ ಲಾಟೇ ಕೆಟ್ಟಿರಬೇಕು ಅಂದುಕೊಂಡೆ. "ಬೇರೆ ಬಾಕ್ಸ್ ಒಡೆದು ನೋಡಪ್ಪ" ಅಂದೆ. ಇಪ್ಪತ್ತು ನಿಮಿಷಕ್ಕೆ ಮತ್ತೆ ಫೋನ್. ಬರ್ನರ್ ಟ್ರಿಪ್ ಆಗಿತ್ತು.

ಓಡಿ ಹೋದೆ. ಓವನ್ ಪಕ್ಕದಲ್ಲಿ ಒಂದು ಪುಟ್ಟ ಟೆಂಪರೇಚರ್ ಕಂಟ್ರೋಲರ್ ಇದೆ. ಅದಕ್ಕೆ ಅದರದೇ ಥರ್ಮೋಕಪಲ್ (ಬಿಸಿ ಅಳೆಯುವ ಸೆನ್ಸರ್), ಅದರದೇ ರಿಲೇ (ಸ್ವಿಚ್). ಪಿಎಲ್‌ಸಿಗೂ ಅದಕ್ಕೂ ಒಂದು ವೈರಿನ ಸಂಬಂಧವೂ ಇಲ್ಲ. 230 ದಾಟಿದರೆ ಗ್ಯಾಸ್ ವಾಲ್ವ್ ಮುಚ್ಚುವುದಷ್ಟೇ ಅದರ ಕೆಲಸ. ನಾನು ನೋಡುವಾಗ ಅದರ ಕೆಂಪು ಅಂಕಿ 226ಕ್ಕೆ ಇಳಿದಿತ್ತು. ಎಚ್‌ಎಂಐ ಮಾತ್ರ 181 ತೋರಿಸುತ್ತಿತ್ತು. ಎರಡನ್ನೂ ಅಕ್ಕಪಕ್ಕ ನೋಡಿ ನನ್ನ ಕೈಕಾಲು ತಣ್ಣಗಾಯಿತು.

ಪ್ಯಾರಾಮೀಟರ್ ಪೇಜ್ ತೆಗೆದರೆ ಸೆನ್ಸರ್ ಆಫ್‌ಸೆಟ್ ಮೈನಸ್ 45. ಅಂದರೆ ನಿಜವಾದ ಬಿಸಿಗಿಂತ 45 ಡಿಗ್ರಿ ಕಮ್ಮಿ ತೋರಿಸು ಅಂತ. ನಾವ್ಯಾರೂ ಯಾವತ್ತೂ ಮುಟ್ಟದ ಜಾಗ ಅದು. ಬೇರೆ ಬಣ್ಣಗಳಿಗೆ ಇಟ್ಟ ಸೆಟ್ಟಿಂಗ್ ಪಟ್ಟಿಯಲ್ಲೂ (ರೆಸಿಪಿ) ಅರ್ಥವಿಲ್ಲದ ಅಂಕಿಗಳು.

ಆಗ ಪ್ಯಾನೆಲ್ ಬಾಗಿಲು ತೆಗೆದೆ. ವೈರಿಂಗ್ ಡಕ್ಟ್ ಮರೆಯಲ್ಲಿ ಒಂದು 4ಜಿ ರೂಟರ್, ಹಸಿರು ದೀಪ ಮಿಣುಕುತ್ತಿದೆ. ಅದರ ಆಂಟೆನಾ ಪ್ಯಾನೆಲ್ ತಲೆಯ ಮೇಲೆ ಅಂಟಿಕೊಂಡಿದೆ. ಮೂರು ವರ್ಷ ಅದರ ಮೇಲಿನ ಧೂಳು ಒರೆಸಿದವನು ನಾನೇ, ಒಂದು ದಿನವೂ ಏನದು ಅಂತ ಕೇಳಿರಲಿಲ್ಲ. ಮಷೀನ್ ಕೂರಿಸಿ ಚಾಲು ಮಾಡುವಾಗ ಅದನ್ನು ಕೊಟ್ಟವರು "ಸರ್ವಿಸ್‌ಗೆ ನೀವು ಕಾಯೋದು ಬೇಡ, ಆಫೀಸಿಂದಲೇ ನೋಡ್ತೀವಿ" ಅಂತ ಹಾಕಿದ್ದು. ವಾರಂಟಿ ಮುಗಿದಿತ್ತು, ಸಿಮ್ ಜೀವಂತವಾಗಿತ್ತು. ಅದಕ್ಕೆ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ), ರೂಟರಿಗೆ ಕಂಪನಿಯಿಂದ ಬಂದ ಪಾಸ್‌ವರ್ಡೇ, 502ನೇ ಪೋರ್ಟ್ (ಇಂಟರ್ನೆಟ್ಟಿನಿಂದ ಒಳಬರುವ ಒಂದು ಬಾಗಿಲು) ನೇರ ಪಿಎಲ್‌ಸಿಗೆ. ಯಾರೋ ಹೊರಗಿನಿಂದ ಈ ದಾರಿಯಲ್ಲೇ ನುಗ್ಗಿ ಅಂಕಿ ಬದಲಿಸಿದ್ದರು.

502 ಅಂದರೆ ಮಾಡ್‌ಬಸ್. 1979ರಲ್ಲಿ, ಒಂದೇ ಫ್ಯಾಕ್ಟರಿಯ ಒಳಗಿನ ವೈರಿನಲ್ಲಿ ಮಷೀನುಗಳು ಮಾತಾಡಲಿ ಅಂತ ಮಾಡಿದ ಭಾಷೆ. ಹಳೆಯ ಮಾಡ್‌ಬಸ್‌ಗೆ "ನೀನು ಯಾರು" ಅಂತ ಕೇಳುವುದೇ ಗೊತ್ತಿಲ್ಲ. ಈ ರಿಜಿಸ್ಟರಿನಲ್ಲಿ (ಪಿಎಲ್‌ಸಿಯ ನೆನಪಿನ ಒಂದು ಖಾನೆ) ಈ ಅಂಕಿ ಬರೆ ಅಂದರೆ ಬರೆಯುತ್ತದೆ, ಅಷ್ಟೇ. ಇಂಟರ್ನೆಟ್ಟಿಗೆ ತೆರೆದಿರುವ ಇಂಥ ಮಷೀನುಗಳನ್ನು ಪಟ್ಟಿ ಮಾಡಿ ಕೊಡುವ ಶೋಡಾನ್‌ನಂಥ ಹುಡುಕು ತಾಣಗಳೂ ಇವೆ. ನಮ್ಮ ಫ್ಯಾಕ್ಟರಿ ಯಾರಿಗೆ ಬೇಕು ಅನ್ನುವ ಮಾತು ನಾನೂ ಆಡಿದ್ದೆ. ನಮ್ಮನ್ನೇ ಹುಡುಕಿಕೊಂಡು ಬರಬೇಕಿಲ್ಲ, ಬಾಗಿಲು ತೆರೆದಿದ್ದರೆ ಸಾಕು.

2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ಊರಿನ ನೀರು ಸರಬರಾಜಿನಲ್ಲಿ ಹ್ಯಾಕರ್‌ಗಳು ಹೀಗೇ ನುಗ್ಗಿದರು. ಅಲ್ಲಿದ್ದದ್ದು ಯೂನಿಟ್ರಾನಿಕ್ಸ್ ಪಿಎಲ್‌ಸಿ. ಆ ಪಿಎಲ್‌ಸಿಗಳಿಗೆ ಕಂಪನಿಯಿಂದಲೇ ಬರುತ್ತಿದ್ದ ಪಾಸ್‌ವರ್ಡ್ 1111. ಅಲ್ಲಿನ ಸಿಬ್ಬಂದಿ ಪಂಪನ್ನು ಕೈಯಲ್ಲಿ ನಡೆಸಿ ನೀರು ನಿಲ್ಲದಂತೆ ನೋಡಿಕೊಂಡರು. ಇನ್ನು 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್. ಇರಾನಿನ ನತಾಂಜ್ ಅಣು ಕೇಂದ್ರದಲ್ಲಿ ಯುರೇನಿಯಂ ಸಂಸ್ಕರಿಸುವ ಸೆಂಟ್ರಿಫ್ಯೂಜ್‌ಗಳು ಹಾಳಾಗುತ್ತಿದ್ದರೆ, ಪರದೆಯಲ್ಲಿ ಮಾತ್ರ ಎಲ್ಲ ಸರಿ ಇದೆ ಅಂತ ತೋರಿಸಲು ಬರೆದ ವೈರಸ್ ಅದು. ನಮ್ಮದು ಅದರ ಮುಂದೆ ಏನೂ ಅಲ್ಲ, ಆದರೂ 181 ಅನ್ನುವ ಆ ಅಂಕಿ ನೆನಪಾದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಮಷೀನ್ ನಿಂತದ್ದು ಒಂಬತ್ತು ದಿನ. ಯಾಕೆ ಗೊತ್ತಾ? ಪಿಎಲ್‌ಸಿ ಪ್ರೋಗ್ರಾಂ ಬ್ಯಾಕಪ್ ನಮ್ಮ ಹತ್ತಿರ ಇರಲಿಲ್ಲ. ಪಿಎಲ್‌ಸಿ ಒಳಗಿಂದ ಇಳಿಸಿಕೊಳ್ಳೋಣ ಅಂದರೆ ಸಪ್ಲೈಯರ್ ಹಾಕಿದ ಪಾಸ್‌ವರ್ಡ್. ಪ್ರೋಗ್ರಾಂ ಬರೆದ ಅವರ ಎಂಜಿನಿಯರ್ ಕೆಲಸ ಬಿಟ್ಟು ಹೋಗಿದ್ದರು. ಹೊಸ ಮಷೀನ್ ತಗೊಳ್ಳುವಾಗ ಕೊನೆಯ ಪೇಮೆಂಟ್ ಕೊಡುವ ಮೊದಲು ಪ್ರೋಗ್ರಾಂ, ಪಾಸ್‌ವರ್ಡ್, ಪ್ಯಾರಾಮೀಟರ್ ಪಟ್ಟಿ ಮೂರನ್ನೂ ಕೈಗೆ ಇಸ್ಕೊಳ್ಳಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಇನ್ನೊಂದು ತಪ್ಪೂ ಆಯಿತು. ಮೊದಲ ರಾತ್ರಿಯೇ ಗಾಬರಿಯಲ್ಲಿ ರೂಟರ್ ರೀಸೆಟ್ ಮಾಡಿಬಿಟ್ಟೆ. ಯಾರು ಬಂದರು, ಎಲ್ಲಿಂದ ಬಂದರು ಅನ್ನುವ ಲಾಗ್ ಎಲ್ಲ ಅಳಿಸಿಹೋಯಿತು. ನೀವು ಸಿಮ್ ಮತ್ತು ಆಂಟೆನಾ ಬಿಚ್ಚಿ, ಪರದೆಯ ಫೋಟೋ ತೆಗೆಯಿರಿ. ರೀಸೆಟ್ ಮುಟ್ಟಬೇಡಿ. 2022ರ ಏಪ್ರಿಲ್‌ನ ಆದೇಶದ ಪ್ರಕಾರ ಇಂಥದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ತಿಳಿಸಬೇಕು. ನನಗೆ ಇದು ಗೊತ್ತಾದದ್ದು ನಾಲ್ಕನೇ ದಿನ.

ಈಗ ರೂಟರಿನ 24 ವೋಲ್ಟ್ ಸಪ್ಲೈ ಒಂದು ಕೀ ಸ್ವಿಚ್ ಮೂಲಕ ಹೋಗುತ್ತದೆ. ಸ್ಟ್ಯಾಟಿಕ್ ಐಪಿ ತೆಗೆಸಿ ವಿಪಿಎನ್ (ಗೊತ್ತಿರುವವರಿಗೆ ಮಾತ್ರ ತೆರೆಯುವ ಗುಪ್ತ ದಾರಿ) ಹಾಕಿಸಿದ್ದೇವೆ. ಸರ್ವಿಸ್‌ನವರು ಫೋನ್ ಮಾಡಿದರೆ ನಾನು ಮುಂದೆ ನಿಂತು ಕೀ ತಿರುಗಿಸುತ್ತೇನೆ, ಕೆಲಸ ಮುಗಿದ ಮೇಲೆ ಆಫ್. ಪ್ರೋಗ್ರಾಂ ಬದಲಿಸಲು ಆಗದಂತೆ ಪಿಎಲ್‌ಸಿಯ ಕೀಯನ್ನೂ ರನ್‌ನಲ್ಲಿ ಇಟ್ಟು ಹೊರಗೆ ತೆಗೆದಿದ್ದೇನೆ. ಆಪರೇಟರ್ ಹುಡುಗ ಗಂಟೆಗೊಮ್ಮೆ ಎಚ್‌ಎಂಐ ಅಂಕಿ, ಆ ಪುಟ್ಟ ಕಂಟ್ರೋಲರ್ ಅಂಕಿ ಎರಡನ್ನೂ ಪುಸ್ತಕದಲ್ಲಿ ಬರೆಯುತ್ತಾನೆ. ಐದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ, ನನ್ನನ್ನು ಕೇಳದೆ ಬರ್ನರ್ ಆಫ್ ಮಾಡು ಅಂತ ಅವನಿಗೆ ಹೇಳಿದ್ದೇನೆ.