ಗುಲಾಬಿ ಗಮ್ಮೋ, ವಯೊಲೆಟ್ ಗಮ್ಮೋ?

ಕೆನಡಾದ ಥ್ರಿಲ್ಸ್ ಚ್ಯೂಯಿಂಗ್ ಗಮ್ಮಿನ ಪೊಟ್ಟಣದ ಮೇಲೆ ‘ಈಗಲೂ ಸೋಪಿನ ರುಚಿಯೇ!’ ಎಂದು ಕಂಪನಿಯವರೇ ಅಚ್ಚು ಹಾಕಿಸಿದ್ದಾರೆ. ನೇರಳೆ ಬಣ್ಣದ ಪುಟ್ಟ ತುಂಡುಗಳು, ಪನ್ನೀರಿನ ರುಚಿ. ಒಂಟಾರಿಯೋದ ಲಂಡನ್ ಊರಿನಲ್ಲಿದ್ದ ಓ-ಪೀ-ಚೀ ಕಂಪನಿಯ ಹಳೇ ಸರಕು ಇದು. ಐಸ್ ಹಾಕಿ ಆಟಗಾರರ ಚಿತ್ರದ ಕಾರ್ಡುಗಳಿಗೆ ಹೆಸರಾದ ಕಂಪನಿಯೂ ಅದೇ. ಇದಕ್ಕೆ ಸರಿಸಾಟಿ ಅಂದರೆ ನ್ಯೂಯಾರ್ಕ್ ಕಡೆಯ ಸಿ. ಹೋವರ್ಡ್ ಕಂಪನಿಯ ಸೆಂಟೆಡ್ ಗಮ್. ಅದು ವಯೊಲೆಟ್ ಹೂವಿನ ಪರಿಮಳದ್ದು. ಎರಡನ್ನೂ ಬೇರೆ ಬೇರೆ ದಿನ, ಬಾಯಿ ಚೆನ್ನಾಗಿ ಮುಕ್ಕಳಿಸಿ ಅಗಿದು ನೋಡಿದೆ.

ಥ್ರಿಲ್ಸ್ ಕಡಿದ ಕೂಡಲೇ ಮೇಲಿನ ಸಕ್ಕರೆ ಪದರ ಕಟ್ ಅಂತ ಒಡೆಯುತ್ತದೆ. ಆಮೇಲೆ ಗುಲಾಬಿ ಒಮ್ಮೆಲೇ ಮೂಗಿಗೆ ಏರುತ್ತದೆ. ಅಲ್ಲಿನವರಿಗೆ ಇದು ಸೋಪು ಅನ್ನಿಸುವುದು ಸಹಜ. ಗುಲಾಬಿಯಲ್ಲಿರುವ ಜೆರಾನಿಯೋಲ್, ಸಿಟ್ರೊನೆಲ್ಲೋಲ್ ಅನ್ನೋ ಪರಿಮಳದ ರಾಸಾಯನಿಕಗಳನ್ನೇ ಸೋಪಿಗೂ ಹಾಕುತ್ತಾರೆ. ಅವರ ಮೂಗಿಗೆ ಗುಲಾಬಿ ಪರಿಚಯವಾದದ್ದೇ ಬಚ್ಚಲುಮನೆಯಲ್ಲಿ. ನಮಗೆ ಹಾಗಲ್ಲ ಅಲ್ವಾ? ಗುಲ್ಕನ್ ಹಾಕಿದ ಸ್ವೀಟ್ ಬೀಡಾ ತಿಂದ ಬಾಯಿ ನಮ್ಮದು. ಜಾಮೂನಿನ ಪಾಕಕ್ಕೂ ಪನ್ನೀರು ಹಾಕುತ್ತೇವೆ. ಹಾಗಾಗಿ ನನಗೆ ಸೋಪು ನೆನಪಾಗಲೇ ಇಲ್ಲ, ಊಟ ಮುಗಿದ ಖುಷಿ ನೆನಪಾಯಿತು. ಆದರೆ ಸಕ್ಕರೆ ಕರಗಿದ ಮೇಲೆ ಪರಿಮಳವೂ ಬೇಗ ಇಳಿಯಿತು. ಉಳಿದದ್ದು ಬರೀ ಅಂಟು.

ವಯೊಲೆಟ್ ಗಮ್ಮಿನ ಆಟವೇ ಬೇರೆ. ಮೊದಲು ಪೌಡರ್ ಡಬ್ಬಿ ತೆರೆದಂಥ ಘಮ. ಸ್ವಲ್ಪ ಹೊತ್ತಿಗೆ ಏನೂ ಇಲ್ಲ, ಬರೀ ಸಿಹಿ. ಮುಗಿಯಿತು ಅಂದುಕೊಂಡಾಗ ಘಮ ಮತ್ತೆ ಬಂತು, ಮತ್ತೆ ಮಾಯವಾಯಿತು. ಇದಕ್ಕೆ ಕಾರಣ ಅಯೋನೋನ್. ವಯೊಲೆಟ್ ಪರಿಮಳದ ಜೀವಾಳ ಅದು. 1893ರಲ್ಲೇ ಟೀಮಾನ್ ಮತ್ತು ಕ್ರೂಗರ್ ಅನ್ನೋ ರಸಾಯನ ವಿಜ್ಞಾನಿಗಳು ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ಅಯೋನೋನ್ ತಾಕಿದ ಮೇಲೆ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸ್ವಲ್ಪ ಹೊತ್ತು ಮಂಕಾಗಿ, ಆಮೇಲೆ ಚೇತರಿಸಿಕೊಳ್ಳುತ್ತವೆ. ಅದಕ್ಕೇ ಈ ಬಂದು ಹೋಗುವಿಕೆ. ಇಷ್ಟು ಚೆಂದದ ಸಂಗತಿ ಒಂದು ಗಮ್ಮಿನೊಳಗೆ ಇರುವುದು ನನಗೆ ನಿಜಕ್ಕೂ ಬೆರಗು ತಂದಿತು.

ಅಗಿಯುವ ಹದದಲ್ಲಿ ಎರಡಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಈಗಿನ ಪುದೀನ ಗಮ್ಮುಗಳಷ್ಟು ಮೆತ್ತಗೆ ಎರಡೂ ಇಲ್ಲ.

ನನ್ನ ಓಟು ಥ್ರಿಲ್ಸ್‌ಗೆ. ವಯೊಲೆಟ್ ಜಾಸ್ತಿ ಹೊತ್ತು ಆಟ ಆಡಿಸುತ್ತದೆ, ಒಪ್ಪುತ್ತೇನೆ. ಆದರೆ ಅದನ್ನು ಅಗಿಯುವಾಗ ನನ್ನ ಗಮನವೆಲ್ಲ ಮೂಗಿನ ಮೇಲೇ ಇತ್ತು. ಥ್ರಿಲ್ಸ್ ಬಾಯಿಗೆ ಹಾಕಿದರೆ ಸುಮ್ನೆ ತಿನ್ನಬೇಕು ಅನ್ನಿಸುತ್ತದೆ. ಖಾರದ ಊಟದ ಮೇಲೆ ಒಂದು ತುಂಡು ಹಾಕಿಕೊಳ್ಳಿ, ಗೊತ್ತಾಗುತ್ತದೆ.

ವಯೊಲೆಟ್ ಮಾತ್ರ ಡಬ್ಬಗಟ್ಟಲೆ ಕೊಳ್ಳುವ ಮೊದಲು ಒಂದು ತುಂಡು ತಿಂದು ನೋಡಿ. ಅಯೋನೋನ್‌ನ ಒಂದು ಬಗೆಯಾದ ಬೀಟಾ-ಅಯೋನೋನ್ ನಮಗೆ ಎಷ್ಟು ವಾಸನೆ ಬರುತ್ತದೆ ಅನ್ನುವುದು ಒಂದು ಜೀನ್‌ನ ಮೇಲೆ ನಿಂತಿದೆ. ಒಬ್ಬರಿಗೆ ಹೂವಾಗಿ ಬಂದದ್ದು ಇನ್ನೊಬ್ಬರಿಗೆ ಹುಳಿಹುಳಿ ಅನ್ನಿಸಬಹುದು.