ಹಿಂದೆ ಬಿದ್ದ ಅಭ್ಯರ್ಥಿ ಕಣ ಬಿಡಬೇಕೇ: ಕುಂಬಳೆ ಕಡೆಯ ಒಂದು ಸಂಜೆ ತರಗತಿಯ ವಿಮರ್ಶೆ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿರುವ ಒಂದು ಗ್ರಂಥಾಲಯದ ಮಹಡಿಯಲ್ಲಿ, ಈ ಮಳೆಗಾಲದ ಆರು ಶನಿವಾರ ಸಂಜೆ, ಅಮೆರಿಕದ ಚುನಾವಣಾ ವ್ಯವಸ್ಥೆಯ ಕುರಿತು ತರಗತಿ ನಡೆಯಿತು. ಶುಲ್ಕ 300 ರೂಪಾಯಿ. ಇಂಥ ವಿಷಯವನ್ನು ಕನ್ನಡದಲ್ಲಿ ಕೇಳುವ ಅವಕಾಶ ನಮ್ಮ ಗಡಿನಾಡಿನಲ್ಲಿ ಅಪರೂಪವಾದ್ದರಿಂದ ನಾನು ಮೊದಲ ದಿನವೇ ಹೆಸರು ಕೊಟ್ಟಿದ್ದೆ. ಕೊಟ್ಟ ಹಣಕ್ಕೆ ಮೋಸವಾಗಿಲ್ಲ ಎಂಬುದನ್ನು ಮೊದಲೇ ಹೇಳುತ್ತೇನೆ. ಆದರೆ ತರಗತಿಯ ಮುಖ್ಯ ಪ್ರಶ್ನೆಗೆ ಅಲ್ಲಿ ಸಿಕ್ಕಿದ ಉತ್ತರವನ್ನು ನಾನು ಒಪ್ಪಲಾರೆ.

ಆ ಪ್ರಶ್ನೆ ಇದು: ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಆರಿಸಲು ರಾಜ್ಯ ರಾಜ್ಯಗಳಲ್ಲಿ ನಡೆಯುವ ಪಕ್ಷದೊಳಗಿನ ಮತದಾನದಲ್ಲಿ, ಅಂದರೆ ಪ್ರೈಮರಿಯಲ್ಲಿ, ಹಿಂದೆ ಬಿದ್ದ ಅಭ್ಯರ್ಥಿ, ಪಕ್ಷದ ಒಗ್ಗಟ್ಟಿಗಾಗಿ ಸ್ಪರ್ಧೆಯಿಂದ ಹಿಂದೆ ಸರಿಯಬೇಕೇ? ನಿವೃತ್ತ ಅಧ್ಯಾಪಕರಾದ ನಮ್ಮ ಮಾಷ್ಟ್ರು ಇದಕ್ಕೆ ಆರಿಸಿಕೊಂಡ ಉದಾಹರಣೆ 2008ರ ಡೆಮಾಕ್ರಟಿಕ್ ಪಕ್ಷದ ಪೈಪೋಟಿ. ಫೆಬ್ರವರಿಯಲ್ಲಿ ಸಾಲುಸಾಲಾಗಿ ಗೆದ್ದ ಬರಾಕ್ ಒಬಾಮಾ ನೂರಕ್ಕೂ ಮಿಕ್ಕಿದ ಪ್ರತಿನಿಧಿಗಳ ಮುನ್ನಡೆ ಪಡೆದಿದ್ದರು. ಪಕ್ಷದ ಅಧಿವೇಶನದಲ್ಲಿ ಮತ ಹಾಕಿ ಅಭ್ಯರ್ಥಿಯನ್ನು ಆರಿಸುವವರು ಈ ಪ್ರತಿನಿಧಿಗಳೇ. ಹಿಲರಿ ಕ್ಲಿಂಟನ್ ಮಾರ್ಚ್ 4ರಂದು ಓಹಾಯೊ ಗೆದ್ದರೂ ಆ ಅಂತರ ಹೆಚ್ಚೇನೂ ಕರಗಲಿಲ್ಲ. ಗೆದ್ದ ಮೇಲೂ ಅಂತರ ಏಕೆ ಕರಗುವುದಿಲ್ಲ ಎಂಬುದನ್ನು ಮಾಷ್ಟ್ರು ತೋರಿಸಿದ ರೀತಿಯೇ ಈ ತರಗತಿಯ ಶ್ರೇಷ್ಠ ಭಾಗ.

ಅವರು ಮೇಜಿನ ಮೇಲೆ ಎರಡು ಸ್ಟೀಲ್ ತಟ್ಟೆಗಳನ್ನಿಟ್ಟು, ಜೋಳಿಗೆಯಿಂದ ನಾಲ್ಕು ಸುಲಿದ ಅಡಿಕೆ ತೆಗೆದರು. ‘ಇದು ನಾಲ್ಕು ಪ್ರತಿನಿಧಿಗಳಿರುವ ಒಂದು ಕ್ಷೇತ್ರ. ಒಬ್ಬರಿಗೆ ನೂರಕ್ಕೆ ಅರವತ್ತು ಮತ, ಇನ್ನೊಬ್ಬರಿಗೆ ನಲವತ್ತು. ಹಂಚಿ ನೋಡುವ’ ಎಂದು ಮುಂದಿನ ಸಾಲಿನಲ್ಲಿದ್ದ ಹುಡುಗನ ಕೈಗೆ ಅಡಿಕೆ ಕೊಟ್ಟರು. ಅವನು ಮೂರು ಅಡಿಕೆ ಒಂದು ತಟ್ಟೆಗೆ ಹಾಕಿದ. ಮಾಷ್ಟ್ರು ಒಂದನ್ನು ತೆಗೆದು ಆಚೆಯ ತಟ್ಟೆಗಿಟ್ಟರು. ಮತದ ಪ್ರಮಾಣಕ್ಕೆ ಸರಿಯಾಗಿ ಹಂಚುವ ನಿಯಮದಲ್ಲಿ ಅರವತ್ತಕ್ಕೆ ಬರುವುದು 2.4, ನಲವತ್ತಕ್ಕೆ 1.6, ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ ಇಬ್ಬರಿಗೂ ಎರಡೆರಡು. ಮೂರನೆಯ ಅಡಿಕೆ ಬೇಕಾದರೆ ನೂರಕ್ಕೆ 62.5 ಮತ ದಾಟಬೇಕು. ಇಪ್ಪತ್ತು ಅಂಶಗಳ ಅಂತರದಿಂದ ಗೆದ್ದವರಿಗೆ ಒಂದೇ ಒಂದು ಅಡಿಕೆಯೂ ಹೆಚ್ಚು ಸಿಗದ ಆ ಎರಡು ತಟ್ಟೆಗಳನ್ನು ನೋಡಿದ ಮೇಲೆ, ಕ್ಲಿಂಟನ್ ಅವರ ಕಷ್ಟ ಯಾರಿಗೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಮಂಜೇಶ್ವರದ ಮತದಾರರಾದ ನಮಗೆ ಸಣ್ಣ ಅಂತರದ ಬೆಲೆ ಗೊತ್ತು. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಗೆಲುವಿನ ಅಂತರ 89 ಮತ, 2021ರಲ್ಲಿ 745. ಹಾಗಾಗಿ ಹಿಂದೆ ಇರುವವರು ಕೊನೆಯ ಸುತ್ತಿನ ಎಣಿಕೆಯವರೆಗೂ ಮುಂದೆ ಬರಬಹುದೆಂದು ನಾವು ನಂಬುತ್ತೇವೆ. ಪ್ರಮಾಣದ ಹಂಚಿಕೆಯಲ್ಲಿ ಹಿಂದೆ ಬೀಳುವುದೆಂದರೆ ಬೇರೆಯೇ ಸಂಗತಿ ಎಂಬುದು ನನಗೆ ಮನದಟ್ಟಾದದ್ದು ಆ ಸಂಜೆ.

ಆದರೆ ಮಾಷ್ಟ್ರು ಅಲ್ಲಿಂದ ನೇರವಾಗಿ ತೀರ್ಮಾನಕ್ಕೆ ಜಿಗಿದುಬಿಟ್ಟರು. ಆ ಮಾರ್ಚ್ ಕೊನೆಯಲ್ಲಿ ಸೆನೆಟರ್ ಪ್ಯಾಟ್ರಿಕ್ ಲೇಹಿ ಬಹಿರಂಗವಾಗಿ ಸಲಹೆ ಕೊಟ್ಟಂತೆ ಕ್ಲಿಂಟನ್ ಹಿಂದೆ ಸರಿಯಬೇಕಿತ್ತು, ಹಟ ಹಿಡಿದದ್ದು ಪಕ್ಷಕ್ಕೆ ಮಾಡಿದ ಅನ್ಯಾಯ ಎಂಬುದು ಅವರ ಮಾತು. ಗೆಲುವಿಗೆ ಅಂತಿಮವಾಗಿ ಬೇಕಾದ 2,118 ಅಧಿವೇಶನದ ಮತಗಳನ್ನು ಪ್ರೈಮರಿಯಲ್ಲಿ ಗೆದ್ದ ಪ್ರತಿನಿಧಿಗಳಿಂದಷ್ಟೇ ಇಬ್ಬರೂ ತಲುಪುವಂತಿರಲಿಲ್ಲ, ಪ್ರೈಮರಿಯ ಫಲಿತಾಂಶಕ್ಕೆ ಕಟ್ಟುಬೀಳದ ಪಕ್ಷದ ನಾಯಕರಾದ ಸುಮಾರು 800 ಸೂಪರ್ ಡೆಲಿಗೇಟ್‌ಗಳ ಮನಸ್ಸು ಯಾವ ಕಡೆಗೂ ತಿರುಗಬಹುದಿತ್ತು ಎಂಬುದನ್ನು ಅವರು ಹೇಳಿಯೂ ತೂಗಿ ನೋಡಲಿಲ್ಲ. ಅದಕ್ಕಿಂತ ದೊಡ್ಡ ಕೊರತೆ, ಇನ್ನೂ ಮತ ಹಾಕದಿದ್ದ ರಾಜ್ಯಗಳ ಜನರನ್ನು ಮರೆತದ್ದು. ಪೈಪೋಟಿ ಬೇಗ ಮುಗಿಯುವ ವರ್ಷಗಳಲ್ಲಿ, ತಡವಾಗಿ ಮತ ಹಾಕುವ ಇಂಡಿಯಾನಾ, ನಾರ್ತ್ ಕ್ಯಾರೊಲಿನಾಗಳ ಪ್ರೈಮರಿಗೆ ಬೆಲೆಯೇ ಇರುವುದಿಲ್ಲ. 2008ರ ಮೇ 6ರಂದು ಆ ಎರಡೂ ರಾಜ್ಯಗಳಲ್ಲಿ ನಿಜವಾದ ಸ್ಪರ್ಧೆ ನಡೆಯಿತು. ನವೆಂಬರಿನಲ್ಲಿ ಒಬಾಮಾ ಎರಡನ್ನೂ ಗೆದ್ದರು: ಡೆಮಾಕ್ರಟಿಕ್ ಪಕ್ಷಕ್ಕೆ ಇಂಡಿಯಾನಾ 1964ರ ನಂತರ, ನಾರ್ತ್ ಕ್ಯಾರೊಲಿನಾ 1976ರ ನಂತರ ಮೊದಲ ಬಾರಿಗೆ ಒಲಿದದ್ದು. ಪ್ರೈಮರಿಯ ಪೈಪೋಟಿಯೊಂದೇ ಅದಕ್ಕೆ ಕಾರಣವೆಂದು ನಾನು ಹೇಳಲಾರೆ. ಆದರೆ ದೀರ್ಘ ಪೈಪೋಟಿಯಿಂದ ಪಕ್ಷ ಒಡೆಯುತ್ತದೆ ಎಂಬ ಮಾತು ಅಲ್ಲಿ ಸುಳ್ಳಾಯಿತು.

ಒಡೆದದ್ದು 1980ರಲ್ಲಿ ಎಂದು ಮಾಷ್ಟ್ರು ಹೇಳಿದ್ದು ನಿಜ. ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪ್ರತಿನಿಧಿಗಳ ಬಹುಮತ ಗಳಿಸಿದ ಮೇಲೂ ಅದೇ ಪಕ್ಷದ ಪ್ರತಿಸ್ಪರ್ಧಿ ಎಡ್ವರ್ಡ್ ಕೆನಡಿ, ಆಗಸ್ಟಿನ ನ್ಯೂಯಾರ್ಕ್ ಅಧಿವೇಶನದಲ್ಲಿ ಪ್ರತಿನಿಧಿಗಳು ಪ್ರೈಮರಿಯ ಫಲಿತಾಂಶದಂತೆಯೇ ಮತ ಹಾಕಬೇಕೆಂಬ ನಿಯಮವನ್ನೇ ಬದಲಿಸಲು ಯತ್ನಿಸಿದರು. ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ ಎದುರು ಕಾರ್ಟರ್ 489-49 ಎಲೆಕ್ಟೋರಲ್ (ರಾಜ್ಯವಾರು ಲೆಕ್ಕದ) ಮತಗಳಿಂದ ಸೋತರು. ಇರಾನಿನ ಒತ್ತೆಯಾಳುಗಳ ಬಿಕ್ಕಟ್ಟನ್ನೂ ಬೆಲೆಯೇರಿಕೆಯನ್ನೂ ಬದಿಗಿಟ್ಟು ಆ ಸೋಲನ್ನು ಕೆನಡಿಯವರ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಒಂದು ವ್ಯತ್ಯಾಸ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಕೆನಡಿ ಕೊನೆಯ ಮತ ಬಿದ್ದ ಮೇಲೂ ಹೋರಾಡಿದರು. ಕ್ಲಿಂಟನ್ ಅವರು ಜೂನ್ 3ರಂದು ಕೊನೆಯ ಪ್ರೈಮರಿಗಳು ಮುಗಿಯುವವರೆಗೆ ನಿಂತು, ಜೂನ್ 7ರಂದು ಒಬಾಮಾ ಅವರನ್ನು ಬೆಂಬಲಿಸಿದರು. ಡೆನ್ವರ್ ಅಧಿವೇಶನದಲ್ಲಿ ಮತ ಎಣಿಕೆಯನ್ನು ನಡುವೆಯೇ ನಿಲ್ಲಿಸಿ ಒಬಾಮಾ ಅವರನ್ನು ಒಕ್ಕೊರಲಿನಿಂದ ಆರಿಸೋಣ ಎಂದು ಸೂಚಿಸಿದವರೂ ಅವರೇ. ಮತ ಹಾಕಲು ಜನ ಉಳಿದಿರುವಷ್ಟು ದಿನ ಅಭ್ಯರ್ಥಿ ಉಳಿಯಲಿ, ಆದರೆ ಎದುರಾಳಿಯ ವಿರುದ್ಧ ನಾಳೆ ವಿರೋಧ ಪಕ್ಷ ಪೋಸ್ಟರಿಗೆ ಅಂಟಿಸುವಂಥ ಮಾತು ಆಡದಿರಲಿ ಎಂಬುದೇ ನನ್ನ ನಿಲುವು.

ಈ ನಿಲುವಿಗೆ ಗಟ್ಟಿಯಾದ ಆಕ್ಷೇಪ 2020ರದು, ಅದಕ್ಕೆ ತರಗತಿ ಕೊಟ್ಟದ್ದು ಐದೇ ನಿಮಿಷ. ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕುವ ಮಾರ್ಚ್ 3ರ ಸೂಪರ್ ಟ್ಯೂಸ್ಡೇಗೆ ಮುಂಚಿನ ಎರಡು ದಿನಗಳಲ್ಲಿ ಪೀಟ್ ಬುಟಜೆಜ್, ಏಮಿ ಕ್ಲೋಬುಚರ್ ಇಬ್ಬರೂ ಸರಿದು ಜೋ ಬೈಡನ್‌ಗೆ ಬೆಂಬಲ ಕೊಟ್ಟದ್ದರಿಂದ, ಹರಿದು ಹಂಚಿಹೋಗುತ್ತಿದ್ದ ಮತಗಳು ಒಂದಾದವು. ಪಂಚಾಯತು ಸದಸ್ಯರಾಗಿದ್ದ ಅನುಭವವುಳ್ಳ ಒಬ್ಬ ಅಕ್ಕ ಆಗ ಎದ್ದು ಕೇಳಿದರು: ‘ನಮ್ಮಲ್ಲಿ ನಾಮಪತ್ರ ಹಿಂತೆಗೆಯಲಿಕ್ಕೆ ಒಂದು ಕೊನೆಯ ದಿನ ಉಂಟಲ್ಲ ಮಾಷ್ಟ್ರೇ, ಅಲ್ಲಿ ಹಾಗೆ ಇಲ್ಲವಾ?’ ಮತಪತ್ರದಲ್ಲಿ ಹೆಸರು ಉಳಿದೇ ಇರುತ್ತದೆ, ಮುಂಗಡವಾಗಿ ಮತ ಹಾಕಿದವರ ಮತ ಹೋದಂತೆಯೇ ಎಂದು ಮಾಷ್ಟ್ರು ಒಪ್ಪಿಕೊಂಡರು. ಒಂದಿಡೀ ಶನಿವಾರಕ್ಕೆ ಸಾಲುವಷ್ಟು ಒಳ್ಳೆಯ ಪ್ರಶ್ನೆ ಅದು.

ಉಳಿದ ಸೌಕರ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಹೊಡೆದಾಗ ಹಿಂದಿನ ಸಾಲಿಗೆ ಏನೂ ಕೇಳುವುದಿಲ್ಲ, ಮೈಕ್ ಬೇಕೇ ಬೇಕು. ಚಹಾ, ಗೋಳಿಬಜೆ ಚೆನ್ನಾಗಿತ್ತು. ಹಂಚಿದ ಟಿಪ್ಪಣಿಗಳು ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಮಾತ್ರ ಇದ್ದವು. ಕನ್ನಡದ ತರಗತಿ ಎಂದು ಕರೆದು ಕನ್ನಡದ ಹಾಳೆ ಕೊಡದಿದ್ದದ್ದು ನನಗೆ ನೋವು ತಂದಿತು, ಅದನ್ನು ಗ್ರಂಥಾಲಯದವರಿಗೆ ಬರೆದೂ ಕೊಟ್ಟಿದ್ದೇನೆ. ಮುಂದಿನ ತರಗತಿ ದೀಪಾವಳಿ ಕಳೆದ ಮೇಲೆ ಆರಂಭವಾಗುತ್ತದೆಯಂತೆ. ಸೇರುವವರು ಮೂರನೆಯ ಶನಿವಾರವನ್ನು ತಪ್ಪಿಸಬೇಡಿ, ಅಡಿಕೆ ಹಂಚುವುದು ಅಂದೇ; ಸಾಧ್ಯವಾದರೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ.