ಕೈಲಾಕ್, ಬ್ರೆಝಾ, ನೆಕ್ಸಾನ್: ಕೂಲಂಟ್ ಬಾಟಲಿ ಕೇಳಿ ಕಾರು ಕೊಂಡ ಕಥೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕೊಂಡದ್ದು ಸ್ಕೋಡಾ ಕೈಲಾಕ್. ಮಾರುತಿಯ ಬ್ರೆಝಾ, ಟಾಟಾದ ನೆಕ್ಸಾನ್ ಇಷ್ಟಪಡುವವರು ಸ್ವಲ್ಪ ಕೋಪ ಮಾಡಿಕೊಂಡೇ ಓದಿ.

ಯುರೋಪಿನ ಕಾರು ಮತ್ತೆ ಬೇಡ ಅಂತ ಮನೆಯಲ್ಲಿ ಎಲ್ಲರೂ ಹೇಳಿದ್ದರು. ಕಾರಣ ನನ್ನ ಹಳೇ ಕಾರು. ಅದೂ ಆ ಕಡೆಯ ಒಂದು ಕಂಪನಿಯದ್ದೇ. ಸ್ಕೋಡಾ ಅಲ್ಲ, ಹೆಸರು ಬೇಡ. ಒಂದು ಮಳೆಗಾಲದಲ್ಲಿ ಅದರ ಕೂಲಂಟ್ ಬಾಟಲಿ, ಅಂದರೆ ಎಂಜಿನ್ ತಣ್ಣಗಿಡುವ ದ್ರವ ತುಂಬುವ ಬಾಟಲಿ, ಸೀಳು ಬಿಟ್ಟಿತು. ಒಂದು ಪ್ಲಾಸ್ಟಿಕ್ ಡಬ್ಬಿ, ಅಷ್ಟೇ. "ಹೊರದೇಶದಿಂದ ಬರಬೇಕು ಸಾರ್, ಒಂದು ವಾರ" ಅಂದರು ಸರ್ವಿಸ್ ಸೆಂಟರಿನವರು. ವಾರ ಕಳೆಯಿತು, ಎರಡಾಯಿತು. ಫೋನ್ ಮಾಡಿದರೆ "ಬಂದ್ರೆ ನಾವೇ ಹೇಳ್ತೀವಿ ಸಾರ್".

ನಮ್ಮ ಬೀದಿಯ ಮೆಕ್ಯಾನಿಕ್ ಎಂ-ಸೀಲ್ ಮೆತ್ತಿಕೊಟ್ಟ. ಐದು ದಿನ ತಡೆಯಿತು. ಆರನೇ ದಿನ ಭಾವನ ಮನೆ ಮದುವೆ. ಅಮ್ಮನನ್ನು ಕೆಂಪು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಮಂಟಪದಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, "ಕಾರೆಲ್ಲಿ?" ಕೊನೆಗೆ 26ನೇ ದಿನ ಡಬ್ಬಿ ಬಂತು. ಬಿಲ್ಲು ನೋಡಿ ಹೆಂಡತಿ ಏನೂ ಮಾತಾಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಯಾವ ಶೋರೂಮಿಗೆ ಹೋದರೂ ಕಾರು ನೋಡುವ ಮುಂಚೆ ಸ್ಪೇರ್ ಪಾರ್ಟ್ಸ್ ಕೌಂಟರಿಗೆ ಹೋಗಿ ಕೂಲಂಟ್ ಬಾಟಲಿ ಇದೆಯಾ ಅಂತ ಕೇಳುತ್ತೇನೆ. ಮಾರುತಿಯಲ್ಲಿ ನನ್ನ ಮಾತು ಮುಗಿಯುವುದರೊಳಗೆ ಮೇಜಿನ ಮೇಲಿಟ್ಟರು. ಟಾಟಾದಲ್ಲೂ ಇತ್ತು. ಸ್ಕೋಡಾದಲ್ಲಿ "ನಾಳೆ ತರಿಸ್ತೀವಿ" ಅಂದರು. 26 ದಿನ ಕಾದವನಿಗೆ ನಾಳೆ ಸಾಕಲ್ವಾ?

2001ರಲ್ಲಿ ಆಕ್ಟೇವಿಯಾ ಬಂದಾಗ ಸ್ಕೋಡಾ ಅಂದರೆ ಡಾಕ್ಟರು, ವಕೀಲರ ಕಾರು. ಧಪ್ ಅಂತ ಮುಚ್ಚುವ ಬಾಗಿಲು, ಡೀಸೆಲ್ ಎಂಜಿನ್, ಜೊತೆಗೆ ಸರ್ವಿಸ್ ದುಬಾರಿ ಅನ್ನುವ ಹೆಸರು. 2020ರಲ್ಲಿ ಬಿಎಸ್-6 ಅನ್ನುವ ಹೊಗೆ ನಿಯಮ ಬಂದಾಗ ಡೀಸೆಲ್ ಹೋಯಿತು. ಅಮೆರಿಕದ ಜಿಎಂ 2017ರಲ್ಲಿ, ಫೋರ್ಡ್ 2021ರಲ್ಲಿ ಗಂಟುಮೂಟೆ ಕಟ್ಟಿದವು. ಇಲ್ಲಿ ಉಳಿಯಬೇಕಾದರೆ ಇಲ್ಲಿನ ಲೆಕ್ಕಕ್ಕೆ ಬರಬೇಕು ಅಂತ ಜೆಕ್ ಕಂಪನಿ ಸ್ಕೋಡಾಗೆ ಅರ್ಥವಾಯಿತು. ಭಾರತಕ್ಕೆಂದೇ ಮಾಡಿದ ತಳಹದಿಯ ಮೇಲೆ, ಪುಣೆ ಪಕ್ಕದ ಚಾಕಣದಲ್ಲಿ, ಬಹುಪಾಲು ಇಲ್ಲಿನದೇ ಬಿಡಿಭಾಗ ಹಾಕಿ ಕಾರು ಕಟ್ಟತೊಡಗಿತು. 2021ರಲ್ಲಿ ಕುಶಾಕ್, ಆಮೇಲೆ ಸ್ಲಾವಿಯಾ, 2024ರ ಕೊನೆಗೆ 7.89 ಲಕ್ಷದಿಂದ ಶುರುವಾದ ಕೈಲಾಕ್. ನಾಳೆ ಸಿಗುವ ಕೂಲಂಟ್ ಬಾಟಲಿಯ ಹಿಂದೆ ಇಷ್ಟೆಲ್ಲ ಇದೆ.

ಮೂರೂ ಕಾರುಗಳ ಉದ್ದ 3995 ಮಿ.ಮೀ. ನಾಲ್ಕು ಮೀಟರ್ ಒಳಗಿದ್ದರೆ ತೆರಿಗೆ ಕಮ್ಮಿ ಅಲ್ವಾ, ಅದಕ್ಕೆ. ಆದರೆ ಎಂಜಿನ್ನೂ ಲೆಕ್ಕಕ್ಕೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕೈಲಾಕ್ ಮತ್ತು ಪೆಟ್ರೋಲ್ ನೆಕ್ಸಾನ್‌ಗೆ ಜಿಎಸ್‌ಟಿ ಶೇ. 18. ಬ್ರೆಝಾದ ಎಂಜಿನ್ ದೊಡ್ಡದು, 1462 ಸಿಸಿ, ಹಾಗಾಗಿ ಶೇ. 40. ನಾನು ಅಲ್ಲಿಯವರೆಗೆ ಕಾದೆ. ಆಯುಧಪೂಜೆಗೆ ಕಾರು ಮನೆಗೆ ಬಂತು.

ಬ್ರೆಝಾ: ಹಿಂದೆ ಮೂವರು ಆರಾಮವಾಗಿ ಕೂರಬಹುದು. ಸಿಎನ್‌ಜಿ ಸಿಗುತ್ತದೆ. ಮಾರುವಾಗ ತಲೆನೋವಿಲ್ಲ.

ನೆಕ್ಸಾನ್: ತೋಟದ ದಾರಿಗೆ ಇದೇ ಸರಿ. ನೆಲದಿಂದ 208 ಮಿ.ಮೀ. ಎತ್ತರ, ಕೈಲಾಕ್‌ದು 189. ಅಪ್ಪ ಇದನ್ನೇ ತಗೋ ಅಂದಿದ್ದರು.

ಆದರೆ ನಾನು ತಿಂಗಳಿಗೆ ಎರಡು ಸಲ ಅಮ್ಮನನ್ನು ಶಿವಮೊಗ್ಗದಿಂದ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗುವವನು. ನಡುವೆ ಆಗುಂಬೆ ಘಾಟಿಯ 14 ತಿರುವುಗಳು. ವಾಪಸು ಬರುವಾಗ ಸೋಮೇಶ್ವರ ದಾಟಿ ಏರು ಶುರುವಾದರೆ ಬ್ರೆಝಾದಲ್ಲಿ ಎಂಜಿನ್‌ಗೆ ಹೆಚ್ಚು ಗಾಳಿ ನೂಕಿ ಬಲ ಕೊಡುವ ಟರ್ಬೊ ಇಲ್ಲ, ಗೇರ್ ಇಳಿಸುತ್ತಾ ಇರಬೇಕು. ಕೈಲಾಕ್‌ನ ಒಂದು ಲೀಟರ್ ಟರ್ಬೊ 115 ಎಚ್‌ಪಿ ಕೊಡುತ್ತದೆ. ಸ್ಟೀರಿಂಗ್ ತಿರುಗಿಸಿದಷ್ಟೇ ತಿರುಗುತ್ತದೆ, ಗಾಡಿ ಹೊಯ್ದಾಡುವುದಿಲ್ಲ. ಹಿಂದೆಲ್ಲ ಕಾರಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ ಅಮ್ಮ ಈಗ ತಿರುವಿನಲ್ಲೂ ನಿದ್ದೆ ಮಾಡುತ್ತಾರೆ. ಬೆಲೆ ಇಳಿಸಿದರೂ, ಉದ್ದ ಕತ್ತರಿಸಿದರೂ ಆಕ್ಟೇವಿಯಾದ ಆ ಗಟ್ಟಿತನ ಬಿಟ್ಟಿಲ್ಲ.

ಸನ್‌ರೂಫ್ ಬಿಟ್ಟೆ. ಅದಿರುವ ಮಾಡೆಲ್ 10 ಲಕ್ಷ ದಾಟುತ್ತಿತ್ತು. ದಾಟಿದರೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್ ಶೇ. 14ರಿಂದ 17ಕ್ಕೆ ಹಾರುತ್ತದೆ, ಮೇಲೆ ಸೆಸ್ ಬೇರೆ. ಮಲೆನಾಡಿನ ಮಳೆಯಲ್ಲಿ ಸನ್‌ರೂಫ್ ತೆಗೆದು ಏನು ನೋಡೋದು?

ಹಿಂದೆ ಮೂವರು ದೊಡ್ಡವರು ದಿನಾ ಕೂರುವ ಮನೆಯಾದರೆ ಸುಮ್ನೆ ಬ್ರೆಝಾ ತಗೊಳ್ಳಿ. ನಮ್ಮದರಲ್ಲಿ ಹಿಂದಿನ ಸೀಟಿನಲ್ಲಿ ಹೆಚ್ಚಾಗಿ ಅಮ್ಮ ಮತ್ತು ಅವರ ಚೀಲ. ಎಂ-ಸೀಲ್ ಪೊಟ್ಟಣ ಇನ್ನೂ ಡ್ಯಾಶ್‌ಬೋರ್ಡಿನೊಳಗೆ ಇದೆ. ತೆಗೆದಿಡು ಅಂತ ಹೆಂಡತಿ ಹೇಳುತ್ತಾಳೆ. ಇರಲಿ ಬಿಡು ಅಂದಿದ್ದೇನೆ.